ನಾಯಕನನ್ನು ಯಾವ ಕೊಳಗದಲ್ಲಿ ಅಳೆಯಬೇಕು?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನವನು, ಶಿವಮೊಗ್ಗದಲ್ಲಿ ಕೆಲಸಕ್ಕಿದ್ದೇನೆ. ವಯಸ್ಸು ಇಪ್ಪತ್ತೇಳು. ನಮ್ಮ ಕಡೆಯ ನಾಯಕರೊಬ್ಬರು ಉರೂಸಿಗೆ ಹೋದರೆ ಟೋಪಿ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ, ಮುಂದಿನ ವಾರ ತೇರಿಗೆ ಹೋದರೆ ಕೇಸರಿ ಶಾಲು ಹೊದೆಯುತ್ತಾರೆ. ಇನ್ನೊಬ್ಬರು ‘ನಾನು ಟೋಪಿ ಹಾಕುವವನಲ್ಲ’ ಎಂದು ಹೇಳಿಯೇ ಹೆಸರು ಮಾಡಿದ್ದಾರೆ. ಮೊದಲನೆಯವರದ್ದು ನಾಟಕ, ಎರಡನೆಯವರದ್ದು ನೇರ ನಡೆ ಎನ್ನುತ್ತಾರೆ ಗೆಳೆಯರು. ಅಜ್ಜನನ್ನು ಕೇಳಿದರೆ ‘ಸಮಾಜವಾದಿ ಗೋಪಾಲಗೌಡ್ರ ಕಾಲಕ್ಕೇ ಮುಗೀತು, ಈಗಿನವರೆಲ್ಲ ಒಂದೇ’ ಅನ್ನುತ್ತಾರೆ. ನಾನು ದೇವರನ್ನು ನಂಬುವವನು, ದೀಪ ಹಚ್ಚದೆ ಮನೆ ಬಿಡುವುದಿಲ್ಲ. ನನ್ನ ಧರ್ಮವನ್ನು ಪೂರ್ತಿ ನಂಬಿಕೊಂಡೇ ಇನ್ನೊಂದು ಧರ್ಮವನ್ನು ಗೌರವಿಸಲು ಆಗುತ್ತದೆಯೇ? ಅದೂ ಫೋಟೊಗಷ್ಟೇ ಸೀಮಿತವೇ? ನಾಯಕ ನಿಜಕ್ಕೂ ಪರಧರ್ಮ ಸಹಿಷ್ಣು ಎಂದು ಗುರುತಿಸುವುದು ಹೇಗೆ?

ಉತ್ತರ: ಮೂವತ್ತು ವರ್ಷ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿದವನು ನಾನು. ಈ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಪ್ರತಿ ವರ್ಷದ ಹುಡುಗರೂ ಕೇಳಿದ್ದಾರೆ. ಆಗೆಲ್ಲ ಪುಸ್ತಕದ ಉತ್ತರ ಕೊಟ್ಟಿದ್ದೇನೆ. ನಿಮಗೆ ಹಾಗೆ ಕೊಡಲು ಮನಸ್ಸು ಒಪ್ಪುತ್ತಿಲ್ಲ. ನಾನು ಕಂಡದ್ದು, ಓದಿದ್ದು, ತಪ್ಪಿದ್ದು ಎಲ್ಲವನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ಟೋಪಿಯ ವಿಷಯ. ಟೋಪಿ ಹಾಕಿದವರ ಫೋಟೊ, ಹಾಕದವರ ಹೇಳಿಕೆ ಎರಡರಿಂದಲೂ ನಿಮಗೆ ಏನೂ ತಿಳಿಯುವುದಿಲ್ಲ. ಟೋಪಿ ಹಾಕಿದವರು ದರ್ಗಾದ ಜನರ ಎದುರಿಗೆ ದರ್ಗಾದ ಜನರಿಗೆ ಹಿತವಾಗುವಂತೆ ನಡೆದುಕೊಂಡರು. ಹಾಕದವರು ತಮ್ಮ ಬೆಂಬಲಿಗರ ಎದುರಿಗೆ ಬೆಂಬಲಿಗರಿಗೆ ಹಿತವಾಗುವಂತೆ ಮಾತಾಡಿದರು. ಇಬ್ಬರೂ ಎದುರಿಗಿದ್ದವರ ಮುಖ ನೋಡಿ ಮಣೆ ಹಾಕಿದವರೇ. ಒಬ್ಬರದ್ದು ನಾಟಕ, ಇನ್ನೊಬ್ಬರದ್ದು ನೇರ ನಡೆ ಎನ್ನುವ ನಿಮ್ಮ ಗೆಳೆಯರ ಲೆಕ್ಕ ಅದಕ್ಕೇ ನನಗೆ ಸರಿ ಕಾಣುವುದಿಲ್ಲ. ಚಪ್ಪಾಳೆ ಬೀಳುವ ಕಡೆ ನೇರವಾಗಿ ಮಾತಾಡುವುದಕ್ಕೆ ಧೈರ್ಯ ಏನೂ ಬೇಕಾಗಿಲ್ಲ.

ನಾನು ನೋಡುವುದು ಒಂದೇ. ತನ್ನವರು ತಪ್ಪು ಮಾಡುತ್ತಿರುವಾಗ, ತನ್ನವರ ಎದುರಿಗೇ ನಿಂತು, ತನಗೆ ನಷ್ಟವಾಗುತ್ತದೆ ಎಂದು ಗೊತ್ತಿದ್ದೂ ಈ ಮನುಷ್ಯ ಏನು ಹೇಳಿದ, ಏನು ಮಾಡಿದ? ಅದು ಗೊತ್ತಾಗುವವರೆಗೆ ನಾನು ಯಾರನ್ನೂ ಸಹಿಷ್ಣು ಅನ್ನುವುದಿಲ್ಲ, ಅಸಹಿಷ್ಣು ಅಂತಲೂ ಅನ್ನುವುದಿಲ್ಲ.

ಇದು ನಾನು ಹೊಸದಾಗಿ ಕಂಡುಹಿಡಿದ ಅಳತೆಯಲ್ಲ. ನಮ್ಮ ನಾಡಿನ ಒಂದು ಕಲ್ಲಿನ ಮೇಲೆ 650 ವರ್ಷಗಳ ಹಿಂದೆಯೇ ಬರೆದಿದೆ. 1368ರಲ್ಲಿ ಆನೆಗೊಂದಿ, ಪೆನುಗೊಂಡೆ ಮುಂತಾದ ನಾಡುಗಳ ಜೈನರು ವಿಜಯನಗರದ ಬುಕ್ಕರಾಯನ ಹತ್ತಿರ ದೂರು ತಂದರು. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂಬ ದೂರು. ಜಗಳ ಯಾವುದರ ಮೇಲೆ ಗೊತ್ತೇ? ಪಂಚಮಹಾವಾದ್ಯ ಮತ್ತು ಕಳಶದ ಮೇಲೆ. ಯಾರ ಉತ್ಸವದಲ್ಲಿ ಯಾವ ವಾದ್ಯ ಬಾರಿಸಬಹುದು ಎಂಬ ತಕರಾರು. ಇಂದು ನಮ್ಮ ಪೊಲೀಸ್ ಠಾಣೆಗಳಲ್ಲಿ ನಡೆಯುವ ಡಿಜೆ ತಕರಾರಿಗೂ ಅದಕ್ಕೂ ಹೆಚ್ಚು ದೂರವಿಲ್ಲ. ರಾಜ ಎರಡೂ ಕಡೆಯ ಮುಖಂಡರನ್ನು ಕರೆಸಿದ. ಆಚಾರ್ಯರೆಲ್ಲರ ಸಮಕ್ಷಮದಲ್ಲಿ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳ ನಡುವೆ ಭೇದವಿಲ್ಲ, ವಾದ್ಯವೂ ಕಳಶವೂ ಹಿಂದಿನಂತೆಯೇ ಜೈನರಿಗೆ ಸಲ್ಲುತ್ತವೆ, ಜೈನರಿಗೆ ಆಗುವ ಹಾನಿಯನ್ನು ವೈಷ್ಣವರು ತಮ್ಮದೇ ಹಾನಿ ಎಂದು ಕಾಯಬೇಕು ಎಂದು ಶಾಸನ ಹಾಕಿಸಿದ.

ತರಗತಿಯಲ್ಲಿ ಇಷ್ಟು ಹೇಳಿ ಎಷ್ಟೋ ಸಲ ಪಾಠ ಮುಗಿಸಿದ್ದೇನೆ. ಆದರೆ ಆ ಶಾಸನದಲ್ಲಿ ನನಗೆ ಈಗ ದೊಡ್ಡದಾಗಿ ಕಾಣುವುದು ಅದರ ಮುಂದಿನ ಭಾಗ. ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ, ಅಂದರೆ ಆ ಕಾಲದ ಒಂದು ನಾಣ್ಯದಂತೆ, ಕೊಡಬೇಕು. ಅದನ್ನು ಒಟ್ಟುಮಾಡುವ ಹೊಣೆ ತಿರುಮಲೆಯ ತಾತಯ್ಯನದ್ದು, ಅಂದರೆ ವೈಷ್ಣವರ ಕಡೆಯ ದೊಡ್ಡ ಮನುಷ್ಯನದ್ದು. ಆ ದುಡ್ಡಿನಲ್ಲಿ ಶ್ರವಣಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಜನರನ್ನು ಇಡಬೇಕು, ಮಿಕ್ಕಿದ್ದರಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಬೇಕು. ನೋಡಿ, ಕೈಗೆ ಕೈ ಕೊಡಿಸಿ ಎಲ್ಲರೂ ಅಣ್ಣತಮ್ಮಂದಿರ ಹಾಗೆ ಇರಿ ಎಂದು ಹೇಳಿ ರಾಜ ಕಳಿಸಲಿಲ್ಲ. ಕಾವಲಿಗೆ ಎಷ್ಟು ಜನ, ದುಡ್ಡು ಯಾರಿಂದ, ಹೊಣೆ ಯಾರ ತಲೆ ಮೇಲೆ ಎಲ್ಲವನ್ನೂ ಬರೆಸಿದ. ಅದರಲ್ಲೂ ಹೊಣೆಯನ್ನು ಹಾಕಿದ್ದು ದೂರಿಗೆ ಗುರಿಯಾದ ಬಲಿಷ್ಠರ ಮೇಲೆ. ಸಹಿಷ್ಣುತೆಗೆ ಒಂದು ಬಂದೋಬಸ್ತು ಇರಬೇಕಾಗುತ್ತದೆ ಎನ್ನುವುದು ಆ ಕಾಲದವರಿಗೆ ಗೊತ್ತಿತ್ತು. ಶಾಂತಿಯ ಭಾಷಣ ಮಾಡುವ ನಾಯಕರನ್ನು ಕಂಡಾಗಲೆಲ್ಲ ನನಗೆ ಆ ಇಪ್ಪತ್ತು ಕಾವಲುಗಾರರ ನೆನಪಾಗುತ್ತದೆ. ಇವರು ಎಷ್ಟು ಜನರನ್ನು ಕಾವಲಿಗೆ ಇಟ್ಟರು?

ನಿಮ್ಮ ತಾಲ್ಲೂಕಿನದೇ ಇನ್ನೊಂದು ಉದಾಹರಣೆ ಇದೆ. ಹೇಳಿದರೆ ಎರಡೂ ಕಡೆಯವರಿಗೆ ಸಿಟ್ಟು ಬರುತ್ತದೆ ಎಂದು ಗೊತ್ತು, ಆದರೂ ಹೇಳುತ್ತೇನೆ. 1791ರಲ್ಲಿ ಮೂರನೇ ಮೈಸೂರು ಯುದ್ಧದ ಹೊತ್ತಿಗೆ ಪರಶುರಾಮ ಭಾವೂನ ಮರಾಠಾ ಸೈನ್ಯದ ಕುದುರೆ ದಂಡು ಶೃಂಗೇರಿ ಮಠಕ್ಕೆ ನುಗ್ಗಿ ಲೂಟಿ ಮಾಡಿತು. ಆಗಿನ ಜಗದ್ಗುರುಗಳು ಸಚ್ಚಿದಾನಂದ ಭಾರತಿಗಳು. ಅವರಿಂದ ಸುದ್ದಿ ತಿಳಿದ ಟಿಪ್ಪು ಸುಲ್ತಾನ, ಮಠದ ಜೀರ್ಣೋದ್ಧಾರಕ್ಕೆ ಬೇಕಾದ ಹಣ, ಸಾಮಗ್ರಿ ಒದಗಿಸುವಂತೆ ಬಿದನೂರಿನ ಅಧಿಕಾರಿಗೆ ಆಜ್ಞೆ ಮಾಡಿದ. ಬಿದನೂರು ಎಂದರೆ ನಿಮ್ಮ ಹೊಸನಗರ ತಾಲ್ಲೂಕಿನ ಈಗಿನ ನಗರ. ಕೆಳದಿ ಅರಸರ ಆ ರಾಜಧಾನಿಯನ್ನು 1763ರಲ್ಲಿ ಹೈದರಾಲಿ ಗೆದ್ದುಕೊಂಡಿದ್ದ. ಕೆಟ್ಟ ಕೆಲಸವನ್ನು ನಗುನಗುತ್ತ ಮಾಡುವವರು ಅದರ ಫಲವನ್ನು ಅಳುತ್ತ ಉಣ್ಣುತ್ತಾರೆ ಎಂಬರ್ಥದ ಸಂಸ್ಕೃತ ಮಾತೂ ಆ ಪತ್ರವ್ಯವಹಾರದಲ್ಲಿದೆ. ಮಠದಲ್ಲಿದ್ದ ಈ ಕನ್ನಡ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು.

ಅದೇ ಟಿಪ್ಪು 1784ರಲ್ಲಿ ಕೆನರಾ ಸೀಮೆಯ ಕ್ಯಾಥೊಲಿಕ್ ಕ್ರೈಸ್ತರನ್ನು ಮನೆಮಠ ಬಿಡಿಸಿ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಕೊಡಗಿನಲ್ಲಿ ಅವನ ಸೈನ್ಯ ನಡೆಸಿದ ಕ್ರೌರ್ಯವನ್ನು ಕೊಡವರು ಇಂದಿಗೂ ಮರೆತಿಲ್ಲ. ಶೃಂಗೇರಿಯ ಪತ್ರ ಹಿಡಿದುಕೊಂಡು ಒಬ್ಬರು ಅವನ ಚಿತ್ರ ಬರೆಯುತ್ತಾರೆ, ಮಂಗಳೂರು, ಕೊಡಗಿನ ಕಥೆ ಹಿಡಿದುಕೊಂಡು ಇನ್ನೊಬ್ಬರು ಬರೆಯುತ್ತಾರೆ. ಎರಡು ಚಿತ್ರದಲ್ಲೂ ಅರ್ಧ ಕಾಗದ ಹರಿದುಹೋಗಿದೆ. ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದುದು ಇಷ್ಟೇ: ಪತ್ರ ನಿಜ, ಸೆರೆಯೂ ನಿಜ. ಒಬ್ಬನೇ ಮನುಷ್ಯ ಎರಡನ್ನೂ ಮಾಡಿದ. ಹಾಗಾಗಿ ಮನುಷ್ಯನಿಗೆ ಒಟ್ಟಾರೆ ಒಂದು ಅಂಕ ಕೊಡಲು ಹೋಗಬೇಡಿ, ಒಂದೊಂದು ಕೆಲಸವನ್ನೂ ಬೇರೆಬೇರೆಯಾಗಿ ತೂಗಿ. ಸತ್ತು 200 ವರ್ಷ ದಾಟಿದ ಅರಸನ ವಿಷಯದಲ್ಲೇ ನಮಗೆ ಇಷ್ಟು ಕಷ್ಟವಾದರೆ, ನಾಳೆ ಮತ ಕೇಳಲು ಬರುವವರ ವಿಷಯದಲ್ಲಿ ಎಷ್ಟು ಎಚ್ಚರ ಬೇಕು ಯೋಚಿಸಿ.

ಇನ್ನು ನಿಮ್ಮ ಅಜ್ಜನ ಮಾತು. ಅಜ್ಜನಿಗೆ ನನ್ನ ನಮಸ್ಕಾರ ಹೇಳಿ. ಶಾಂತವೇರಿ ಗೋಪಾಲಗೌಡರ ಬಗ್ಗೆ ಅವರು ಹೇಳುವುದು ಸುಳ್ಳಲ್ಲ. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರು ಎದ್ದುನಿಂತರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆಯೇ ಜಗಳ ಶುರುವಾಯಿತು. ಒಡೆಯರು ಇಟ್ಟುಕೊಂಡಿದ್ದ ದೊಡ್ಡ ಕೊಳಗದಲ್ಲಿ ಅಳೆದರೆ ಒಕ್ಕಲಿನ ಮನೆಗೆ ಉಳಿಯುವುದೇನು? ಆ ಗೇಣಿದಾರರಲ್ಲಿ ಬಹುಪಾಲು ದೀವರು ಎಂಬ ಸಮುದಾಯದವರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. ಜೂನ್ ತಿಂಗಳಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಗೋಪಾಲಗೌಡರು ಆರಗದವರು, ಆ ಒಕ್ಕಲುಗಳ ಜಾತಿಯವರಲ್ಲ, ಊರಿನವರಲ್ಲ. ಆದರೂ ಆ ಚಳವಳಿಗೆ ಹೆಗಲು ಕೊಟ್ಟರು. 1952ರಲ್ಲಿ ಸಾಗರ–ಹೊಸನಗರದಿಂದ ವಿಧಾನಸಭೆಗೆ ಗೆದ್ದರು. ‘ಒಂದು ನೋಟು, ಒಂದು ಓಟು’ ಎಂದು ಜನರ ಹತ್ತಿರವೇ ಕೇಳಿ ಚುನಾವಣೆ ಮಾಡಿದವರು. 1972ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ಗೇಣಿದಾರನಿಗೆ ಭೂಮಿ ಕೊಡಿಸಿದ 1974ರ ತಿದ್ದುಪಡಿಯನ್ನು ನೋಡಲು ಅವರಿರಲಿಲ್ಲ.

ಈ ಕಥೆಯಲ್ಲಿ ಧರ್ಮದ ಮಾತು ಎಲ್ಲಿ ಬಂತು ಎನ್ನಬಹುದು ನೀವು. ನನಗೆ ಕಾಣುವುದು ಹೀಗೆ: ತನ್ನವರಲ್ಲದವರ ಹೊಟ್ಟೆಯ ಲೆಕ್ಕ ಕೇಳಲು ಹೋದವನಿಗೆ ಸಹಿಷ್ಣುತೆ ಎಂಬ ಪ್ರತ್ಯೇಕ ಗುಣ ಕಲಿಯಬೇಕಾಗಿಲ್ಲ. ಕೊಳಗ ಸರಿ ಇದೆಯೇ ಎಂದು ಕೇಳುವ ಅಭ್ಯಾಸ ಇದ್ದವನು, ಯಾವ ಧರ್ಮದವನ ಕೈಯಲ್ಲಿ ಕೊಳಗ ಇದ್ದರೂ ಅದನ್ನೇ ಕೇಳುತ್ತಾನೆ.

ಆದರೆ ‘ಆ ಕಾಲಕ್ಕೇ ಮುಗೀತು’ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಏಕೆಂದರೆ ಆ ಕಾಲದ ಮನೆಯೊಂದರಲ್ಲಿ ನಾನು ಬೆಳೆದೆ. ಸಾಗರದ ಕಡೆಯ ಅಡಿಕೆ ತೋಟದ ಮನೆ. ಸುಗ್ಗಿಯಲ್ಲಿ ರಾತ್ರಿ ಹನ್ನೊಂದರವರೆಗೆ ಜಗಲಿಯಲ್ಲಿ ಲಾಟೀನು ಬೆಳಕಿನಲ್ಲಿ ಮೆಟ್ಟುಗತ್ತಿಯ ಮೇಲೆ ಹತ್ತು ಹದಿನೈದು ಜನ ಅಡಿಕೆ ಸುಲಿಯುತ್ತಿದ್ದರು. ನಮ್ಮ ತೋಟದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಹಿಡಿಯುತ್ತಿದ್ದವರು ಒಬ್ಬ ಮುಸ್ಲಿಂ ಸಾಹೇಬರು. ಅಪ್ಪನಿಗೂ ಅವರಿಗೂ ಕಾಗದಪತ್ರ ಇರಲಿಲ್ಲ, ಬಾಯಿಮಾತಿನ ಮೇಲೆ ಸಾವಿರಗಟ್ಟಲೆ ರೂಪಾಯಿಯ ವ್ಯವಹಾರ. ಅಕ್ಕನ ಮದುವೆಯ ಖರ್ಚಿಗೆ ಮುಂಗಡ ಕೊಟ್ಟದ್ದು ಅವರೇ. ಯಾರಾದರೂ ಕೇಳಿದರೆ ಅಪ್ಪ ‘ಅವರ ಮನೆಗೂ ನಮ್ಮನೆಗೂ ಮೊದಲಿನಿಂದ ಬಳಕೆ’ ಎನ್ನುತ್ತಿದ್ದರು. ಸಹಿಷ್ಣುತೆ ಎಂಬ ಮಾತನ್ನು ಅಪ್ಪ ಜನ್ಮದಲ್ಲಿ ಆಡಿದವರಲ್ಲ. ಸಹಿಸುವುದೆಂದರೆ ನೋವು ತಡೆದುಕೊಳ್ಳುವುದು. ಬಳಕೆ ಎಂದರೆ ಹೋಗುವುದು, ಬರುವುದು, ಕೊಡುವುದು, ಇಸಕೊಳ್ಳುವುದು. ನಮ್ಮ ಮಲೆನಾಡಿನ ಈ ಮಾತು ನನಗೆ ಇಂದಿಗೂ ಹೆಚ್ಚು ಇಷ್ಟ.

ಇಷ್ಟು ಹೇಳಿ ನಿಲ್ಲಿಸಿದರೆ ಚಂದದ ಚಿತ್ರವಾಗುತ್ತದೆ. ಆದರೆ ಆ ಸಾಹೇಬರಿಗೆ ಕಾಫಿ ಬರುತ್ತಿದ್ದುದು ಬೇರೆ ಲೋಟದಲ್ಲಿ. ಅದು ಜಗಲಿಯ ಗೂಡಿನಲ್ಲಿ ಬೋರಲಾಗಿ ಇರುತ್ತಿತ್ತು. ಕುಡಿದ ಮೇಲೆ ಅವರೇ ತೊಳೆದು ಅಲ್ಲೇ ಕವುಚಿಡುತ್ತಿದ್ದರು. ತೋಟಕ್ಕೆ ಮಣ್ಣು ಹೊರುತ್ತಿದ್ದ ದಲಿತ ಮನೆಯವರಿಗೆ ಆ ಲೋಟವೂ ಇರಲಿಲ್ಲ, ಅವರು ಅಂಗಳದ ಆಚೆ ನಿಂತು ಕರಟದಲ್ಲಿ ಕುಡಿಯುತ್ತಿದ್ದರು. ನಾನು ಹತ್ತು ವರ್ಷದ ಹುಡುಗ, ಆ ಗೂಡಿನ ಲೋಟವನ್ನು ದಿನಾ ನೋಡುತ್ತಿದ್ದೆ, ಯಾಕೆ ಎಂದು ಒಂದು ದಿನವೂ ಕೇಳಲಿಲ್ಲ. ಹಿಂದೆ ಎಲ್ಲ ಚೆನ್ನಾಗಿತ್ತು ಎಂದು ಹೇಳುವವರು ಜಗಲಿಯ ಕಟ್ಟೆಯ ಮೇಲೆ ಕೂತವರು. ಅಂಗಳದ ಆಚೆ ನಿಂತವರನ್ನು ಕೇಳಿದರೆ ಲೆಕ್ಕ ಬೇರೆ ಬರುತ್ತದೆ. ಬಳಕೆ ಇತ್ತು, ಸಮಾನತೆ ಇರಲಿಲ್ಲ. ಇಂದು ಕಾನೂನಿನಲ್ಲಿ ಸಮಾನತೆ ಇದೆ, ಬಳಕೆ ಕಡಿಮೆಯಾಗುತ್ತಿದೆ. ಎರಡನ್ನೂ ಒಟ್ಟಿಗೆ ಕಟ್ಟುವುದು ನಿಮ್ಮ ತಲೆಮಾರಿನ ಕೆಲಸ, ಅಜ್ಜನ ಕಾಲಕ್ಕೆ ಹಿಂದಿರುಗಿದರೆ ಅದು ಸಿಗುವುದಿಲ್ಲ.

ಈಗ ಶಿವಮೊಗ್ಗಕ್ಕೆ ಬರೋಣ. 2023ರಿಂದ ಮೂರು ವರ್ಷ ನಮ್ಮಲ್ಲಿ ಗಣಪತಿ ವಿಸರ್ಜನೆಯ ಕಾಲವೂ ಈದ್ ಮಿಲಾದೂ ಮೈಗೆ ಮೈ ತಾಗಿ ಬಂದವು. 2023ರಲ್ಲಿ ಅನಂತ ಚತುರ್ದಶಿ, ಮಿಲಾದ್ ಎರಡೂ ಸೆಪ್ಟೆಂಬರ್ 28ಕ್ಕೇ ಬಿದ್ದವು. 2024ರಲ್ಲಿ ಮಿಲಾದ್ 16ಕ್ಕೆ, ಚತುರ್ದಶಿ 17ಕ್ಕೆ. 2025ರಲ್ಲಿ 5 ಮತ್ತು 6ಕ್ಕೆ. ಇದರಲ್ಲಿ ಯಾರ ಹಟವೂ ಇಲ್ಲ, ಇದು ಪಂಚಾಂಗದ ಲೆಕ್ಕ. ಹಿಜರಿ ವರ್ಷ ಪೂರ್ತಿ ಚಂದ್ರನದ್ದು, ಸುಮಾರು 354 ದಿನ, ಹಾಗಾಗಿ ಅವರ ಹಬ್ಬ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ. ನಮ್ಮದೂ ಹಾಗೇ ಸರಿಯುತ್ತದೆ, ಆದರೆ ಎರಡು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದು ಮತ್ತೆ ಮುಂದಕ್ಕೆ ಹೋಗುತ್ತದೆ. 2023ರ ಅಧಿಕ ಶ್ರಾವಣ ಮುಗಿದ ಮೇಲೆ ಎರಡು ಪಂಚಾಂಗಗಳು ಜೊತೆಯಾಗಿ ನಡೆದವು. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಎರಡು ಹಬ್ಬಗಳ ನಡುವೆ ಒಂದು ತಿಂಗಳ ಅಂತರ ಬೀಳುತ್ತದೆ. ಮತ್ತೆ ಇಷ್ಟು ಹತ್ತಿರ ಬರಲು ಮೂವತ್ತು ವರ್ಷವಾದರೂ ಬೇಕು.

ಇದು ವರ್ಷಗಳ ಮೊದಲೇ ಗೊತ್ತಾಗುವ ಸಂಗತಿ. ನಾಯಕನಾದವನು ಆ ಮೂರು ವರ್ಷಕ್ಕೆ ಮುಂಚೆಯೇ ಎರಡೂ ಕಡೆಯವರನ್ನು ಕೂರಿಸಿ ದಿನ, ದಾರಿ, ಹೊತ್ತು ನಿಗದಿ ಮಾಡಬಹುದಿತ್ತು. 2023ರಲ್ಲಿ ಶಿವಮೊಗ್ಗದ ಮಿಲಾದ್ ಮೆರವಣಿಗೆ ಅಕ್ಟೋಬರ್ 1ಕ್ಕೆ ನಡೆಯಿತು. ವಿಸರ್ಜನೆಯ ದಿನವೇ ಮೆರವಣಿಗೆ ಇಟ್ಟುಕೊಳ್ಳದೆ ಮೂರು ದಿನ ಬಿಟ್ಟು ಮಾಡಿದ್ದು ದೊಡ್ಡ ವಿಷಯ. ಆದರೂ ಅದೇ ದಿನ ರಾಗಿಗುಡ್ಡದಲ್ಲಿ ಕಲ್ಲು ತೂರಾಟವಾಯಿತು, ಮನೆಗಳ ಗಾಜು ಒಡೆಯಿತು, ನಿಷೇಧಾಜ್ಞೆ ಬಂತು. ದಿನ ಬದಲಿಸಿದರೆ ಸಾಲದು, ಗಲ್ಲಿಗಲ್ಲಿಯಲ್ಲಿ ತಮ್ಮ ಹುಡುಗರ ಕೈ ಹಿಡಿಯುವವರು ಎರಡೂ ಕಡೆ ಇರಬೇಕು.

ಅಂಥ ಒಬ್ಬರನ್ನು ನಾನು ಕಣ್ಣಾರೆ ಕಂಡಿದ್ದೇನೆ. ತೊಂಬತ್ತರ ದಶಕ, ಮಲೆನಾಡಿನ ಒಂದು ಸಣ್ಣ ಪೇಟೆ. ಅವರು ಪುರಸಭೆ ಸದಸ್ಯರು, ಗಣಪತಿ ಸಮಿತಿಯ ಮುಂದಾಳು, ಪೇಟೆಯಲ್ಲಿ ದಿನಸಿ ಅಂಗಡಿ. ಹಿಂದಿನ ವರ್ಷ ಮಸೀದಿ ತಿರುವಿನಲ್ಲಿ ತಳ್ಳಾಟವಾಗಿತ್ತು. ಈ ಸಲ ಹುಡುಗರು ಅಲ್ಲೇ ಅರ್ಧ ಗಂಟೆ ನಿಂತು ಬಾರಿಸುತ್ತೇವೆ ಎಂದು ಹಟ ಹಿಡಿದಿದ್ದರು. ತಿರುವು ಇನ್ನು ಹತ್ತು ಮಾರು ಇರುವಾಗ ಇವರು ಹೋಗಿ ಮುಂದಿನ ಡೊಳ್ಳಿನ ಚರ್ಮದ ಮೇಲೆ ಅಂಗೈ ಒತ್ತಿ ನಿಂತರು. ‘ಹುಡ್ರಾ, ಇಲ್ಲಿಂದ ಆ ಲೈಟ್ ಕಂಬದ ತನಕ ಕೈ ನಿಲ್ಸಿ. ನಮ್ಮ ಗಣಪತಿ ನೀರಿಗೆ ಹೋಗೋನು, ಜಗಳಕ್ಕೆ ಹೋಗೋನಲ್ಲ’ ಅಂದರು. ಒಬ್ಬ ಹುಡುಗ ಅವರ ಮುಖಕ್ಕೇ ‘ನೀವು ಅವರ ಕಡೆಯೋರಾ?’ ಎಂದ. ಅವರು ಉತ್ತರ ಕೊಡಲಿಲ್ಲ, ಡೊಳ್ಳಿನ ಮೇಲಿನ ಕೈಯನ್ನೂ ತೆಗೆಯಲಿಲ್ಲ. ಟ್ರ್ಯಾಕ್ಟರ್ ಆ ನೂರು ಹೆಜ್ಜೆಯನ್ನು ಬರೀ ಎಂಜಿನ್ ಸದ್ದಿನಲ್ಲಿ ದಾಟಿತು. ಪಕ್ಕದಲ್ಲಿ ನಿಂತಿದ್ದ ನನಗೆ ಅವರ ಕೈ ನಡುಗುತ್ತಿದ್ದುದು ಕಾಣುತ್ತಿತ್ತು.

ಆ ಕಡೆಯವರು ಯಾರೂ ಬಂದು ಹಾರ ಹಾಕಲಿಲ್ಲ. ಫೋಟೊ ತೆಗೆದವರಿಲ್ಲ. ಪತ್ರಿಕೆಯಲ್ಲಿ ‘ಶಾಂತಿಯುತ ವಿಸರ್ಜನೆ’ ಎಂದು ಎರಡು ಸಾಲು ಬಂತು, ಅವರ ಹೆಸರಿರಲಿಲ್ಲ. ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಸೋಲಿಗೆ ಅದೇ ಕಾರಣ ಎಂದು ಹೇಳಲಾರೆ, ಆ ವಾರ್ಡಿನಲ್ಲಿ ನೀರಿನ ಸಮಸ್ಯೆಯೂ ಇತ್ತು. ಆದರೆ ಇಷ್ಟು ವರ್ಷಗಳಲ್ಲಿ ಎಷ್ಟೋ ಮಂತ್ರಿಗಳ ಭಾಷಣ ಕೇಳಿದ್ದೇನೆ, ಒಂದೂ ನೆನಪಿಲ್ಲ. ಆ ಅಂಗೈ ಮಾತ್ರ ಕಣ್ಣ ಮುಂದೆಯೇ ಇದೆ.

ನಿಮ್ಮ ಇಬ್ಬರು ನಾಯಕರನ್ನು ಹೀಗೆ ಒಮ್ಮೆ ನೋಡಿ. 2022ರ ಮಾರ್ಚ್‌ನಲ್ಲಿ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ಕೊಡಬಾರದು ಎಂಬ ಒತ್ತಾಯ ಬಂತು, ಹಾಗೆಯೇ ಆಯಿತು. ಬೇರೆ ಊರಿನ ಜಾತ್ರೆಗಳಿಗೂ ಅದು ಹಬ್ಬಿತು. ದೇವಸ್ಥಾನದ ಹತ್ತಿರದ ಆಸ್ತಿಯನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು ಎನ್ನುವ 2002ರ ಮುಜರಾಯಿ ನಿಯಮವೊಂದನ್ನು ಮುಂದಿಟ್ಟು ಚರ್ಚೆ ನಡೆಯಿತು. ನಿಯಮದ ಅರ್ಥ ಎಲ್ಲಿಯವರೆಗೆ ಎಂದು ವಕೀಲರು ವಾದಿಸಲಿ. ಜಾತ್ರೆಯಲ್ಲಿ ಬಳೆ, ಆಟಿಕೆ, ಮಿಠಾಯಿ ಮಾರಿ ವರ್ಷದ ಅರ್ಧ ಗಂಜಿ ದುಡಿಯುವವನನ್ನು ಹೊರಗೆ ನಿಲ್ಲಿಸಿದ್ದು ನನ್ನ ಮಟ್ಟಿಗೆ ಅನ್ಯಾಯ, ಮಾರಿಯಮ್ಮನಿಗೆ ಒಪ್ಪುವ ಕೆಲಸವಲ್ಲ. ಆ ವಾರ ನಿಮ್ಮ ಟೋಪಿಯ ನಾಯಕರು ಏನು ಹೇಳಿದರು? ಟೋಪಿ ಹಾಕದ ನಾಯಕರು ಏನು ಹೇಳಿದರು? ಹಳೆಯ ಪತ್ರಿಕೆ ತೆಗೆದು ಹುಡುಕಿ. ಇನ್ನೊಂದು ದಿನ, ಆ ಕಡೆಯ ಗುಂಪು ತಪ್ಪು ಮಾಡಿದಾಗ ಆ ಸಮುದಾಯದ ಮುಖಂಡರು ತಮ್ಮವರಿಗೆ ಏನು ಹೇಳಿದರು ಎಂಬುದನ್ನೂ ಇದೇ ಕೊಳಗದಲ್ಲಿ ಅಳೆಯಿರಿ. ಕೊಳಗ ಒಂದೇ ಇರಬೇಕು.

ನಂಬಿಕೆಯ ಪ್ರಶ್ನೆ. ದೀಪ ಹಚ್ಚಿ ಮನೆ ಬಿಡುವವನು ಇನ್ನೊಬ್ಬರ ದೇವರನ್ನು ಗೌರವಿಸಬಹುದೇ ಎಂದಿರಿ. ಶಿವಮೊಗ್ಗದಿಂದ ಕಾಡಿನ ದಾರಿಯಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಹಣಗೆರೆಕಟ್ಟೆಗೆ ಒಮ್ಮೆ ಹೋಗಿ ಬನ್ನಿ. ಭೂತರಾಯ, ಚೌಡೇಶ್ವರಿ ಮತ್ತು ಸೈಯದ್ ಸಾದತ್ ದರ್ಗಾ ಒಂದೇ ಸೂರಿನಡಿ ಇವೆ. ಕುಂಕುಮದ ಬಟ್ಟಲೂ ಊದುಬತ್ತಿಯ ಹೊಗೆಯೂ ಅಕ್ಕಪಕ್ಕ. ಹರಕೆ ಹೊತ್ತು ಬರುವ ಹೆಂಗಸು ಎರಡು ಕಡೆಯೂ ಕೈ ಮುಗಿಯುತ್ತಾಳೆ. ಅವಳನ್ನು ನಿಲ್ಲಿಸಿ ಕೇಳಿದರೆ ಧರ್ಮನಿರಪೇಕ್ಷತೆಯ ವ್ಯಾಖ್ಯಾನ ಕೊಡುವುದಿಲ್ಲ, ‘ಮಗೀಗೆ ಹುಷಾರಿಲ್ಲ ಸ್ವಾಮಿ’ ಎನ್ನುತ್ತಾಳೆ. ಅವಳ ನಂಬಿಕೆ ನಿಮ್ಮ ನಂಬಿಕೆಗಿಂತ ಕಡಿಮೆಯದ್ದೇ? ನನಗಂತೂ ಹಾಗೆ ಅನಿಸಿಲ್ಲ.

ಇದು ಹಳ್ಳಿಯ ಮುಗ್ಧರ ಕಥೆ ಮಾತ್ರ ಎನ್ನುವವರಿಗೆ ಬಳ್ಳಿಗಾವಿ ಇದೆ. ಶಿಕಾರಿಪುರ ತಾಲ್ಲೂಕಿನ, ಅಲ್ಲಮಪ್ರಭುವಿನ ಊರು. ಅಲ್ಲಿ ಶಿವಾಲಯಗಳ ಜೊತೆಗೆ ವಿಷ್ಣು, ಬ್ರಹ್ಮ, ಜಿನ, ಬುದ್ಧ ಎಲ್ಲರಿಗೂ ನೆಲೆ ಇತ್ತು. ಅಲ್ಲಿನ ಕೋಡಿಮಠದ 1162ರ ಶಾಸನ ಆ ಮಠವನ್ನು ವರ್ಣಿಸುವುದನ್ನು ಓದಿದಾಗ ನನಗೆ ರೋಮಾಂಚನವಾಗಿತ್ತು. ಕಾಳಾಮುಖರೆಂಬ ಶೈವ ಪಂಥದವರ ಮಠ ಅದು. ಆದರೆ ವೇದ, ವ್ಯಾಕರಣದ ಜೊತೆಗೆ ಬೌದ್ಧ ದರ್ಶನವನ್ನೂ ಅಲ್ಲಿ ವಿವರಿಸುತ್ತಿದ್ದರು. ಬೌದ್ಧ ಎಂದರೆ ವೇದವನ್ನೇ ಒಪ್ಪದವರ ಮತ! ಅಲ್ಲದೆ ದೀನರು, ಕುರುಡರು, ಕಿವುಡರು, ಅಂಗವಿಕಲರಿಗೆ ಅನ್ನ, ರೋಗಿಗಳಿಗೆ ಔಷಧ. ತಮ್ಮ ಶಿವನನ್ನು ಪೂರ್ತಿ ನಂಬಿದ್ದವರಿಗೆ ಎದುರಾಳಿಯ ಗ್ರಂಥ ಓದಲು ಭಯವಿರಲಿಲ್ಲ. ನೀವು ದೀಪ ಹಚ್ಚುವುದನ್ನು ಬಿಡಬೇಡಿ. ಪಕ್ಕದ ಮನೆಯವರ ದೀಪ ಕಂಡು ನಿಮ್ಮದು ಮಂಕಾಯಿತು ಎಂದು ಹೇಳಿಕೊಡುವವರ ಹತ್ತಿರ ಮಾತ್ರ ಹುಷಾರಾಗಿರಿ.

ಒಂದು ವಿಷಯವನ್ನು ಹೇಳದೆ ಹೋದರೆ ಈ ಉತ್ತರ ಪ್ರಾಮಾಣಿಕವಾಗುವುದಿಲ್ಲ. ಹಲವು ವರ್ಷಗಳ ಹಿಂದೆ, ನಾನು ಬಹಳ ಮೆಚ್ಚಿಕೊಂಡಿದ್ದ ಒಬ್ಬ ನಾಯಕರ ಜೊತೆ ಗೃಹಪ್ರವೇಶದ ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕೂತಿದ್ದೆ. ವೇದಿಕೆಯ ಮೇಲೆ ಸೌಹಾರ್ದದ ಬಗ್ಗೆ ಅವರಷ್ಟು ಚೆನ್ನಾಗಿ ಮಾತಾಡುವವರು ಇರಲಿಲ್ಲ. ಹೋಳಿಗೆ ಬಡಿಸುವ ಹೊತ್ತಿಗೆ ಅವರು ಇನ್ನೊಂದು ಧರ್ಮದವರ ಬಗ್ಗೆ ಒಂದು ಹೀನ ಮಾತು ಆಡಿದರು. ಪಂಕ್ತಿಯೆಲ್ಲ ನಕ್ಕಿತು. ನಾನು ನಗಲಿಲ್ಲ, ಆದರೆ ಮಾತೂ ಆಡಲಿಲ್ಲ. ಎಲೆಯ ಮೇಲಿನ ತುಪ್ಪವನ್ನೇ ನೋಡುತ್ತ ಕೂತೆ. ಬಡಿಸುತ್ತಿದ್ದ ಹುಡುಗರಲ್ಲಿ ನನ್ನ ಇಬ್ಬರು ವಿದ್ಯಾರ್ಥಿಗಳಿದ್ದರು, ನನ್ನ ಮುಖ ನೋಡಿದರು. ಮಾರನೆಯ ದಿನ ಅವರಿಗೇ ಸಂವಿಧಾನದ ಧರ್ಮಸ್ವಾತಂತ್ರ್ಯದ 25ನೇ ವಿಧಿ ಪಾಠ ಮಾಡಿದೆ. ಡೊಳ್ಳಿನ ಮೇಲೆ ಕೈ ಇಟ್ಟವರು ದಿನಸಿ ಅಂಗಡಿಯವರು. ಓದಿದ ನನಗೆ ಒಂದು ಮಾತು ಹೊರಡಲಿಲ್ಲ. ಆ ನಾಯಕರ ವೇದಿಕೆಯ ಮುಖ ಹಾಗೆಯೇ ಉಳಿಯುವುದಕ್ಕೆ ನನ್ನ ಮೌನವೂ ಸೇರಿತು. ಊರ ಬಾಗಿಲಿನ ಫ್ಲೆಕ್ಸಿನಲ್ಲಿ ಕಾಣುವ ನಗುಮುಖವನ್ನು ಬರೀ ಪ್ರಚಾರದವರು ಮಾಡುವುದಿಲ್ಲ. ಪಂಕ್ತಿಯಲ್ಲಿ ಕೂತ ನಾವೂ ಮಾಡುತ್ತೇವೆ.

ಇನ್ನು ನೀವು ಕೈಯಾರೆ ಮಾಡಬಹುದಾದ ಕೆಲಸ. ಚುನಾವಣೆಗೆ ನಿಲ್ಲುವವರು ನಾಮಪತ್ರದ ಜೊತೆ ಪ್ರಮಾಣಪತ್ರ ಕೊಡಲೇಬೇಕು. ಆಸ್ತಿ, ಸಾಲ, ಓದು, ಮೇಲಿರುವ ಮೊಕದ್ದಮೆ ಎಲ್ಲ ಅದರಲ್ಲಿರುತ್ತದೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಆಸ್ತಿಯ ಅಂಕಿ ನೋಡಿ ಬಿಟ್ಟುಬಿಡಬೇಡಿ, ಮೊಕದ್ದಮೆಗಳ ಸೆಕ್ಷನ್ ನಂಬರ್ ಓದಿ. ಧರ್ಮದ ಹೆಸರಿನಲ್ಲಿ ವೈರ ಹುಟ್ಟಿಸಿದ ಆರೋಪಕ್ಕೆ ಹಳೆಯ ದಂಡಸಂಹಿತೆಯಲ್ಲಿ 153ಎ, ಧಾರ್ಮಿಕ ಭಾವನೆ ಕೆರಳಿಸಿದ್ದಕ್ಕೆ 295ಎ. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಅವು 196 ಮತ್ತು 299. ಮೊಕದ್ದಮೆ ಇದ್ದ ಮಾತ್ರಕ್ಕೆ ಅಪರಾಧಿ ಅಲ್ಲ, ಚಳವಳಿ ಮಾಡಿದವರ ಮೇಲೂ ಕೇಸು ಇರುತ್ತದೆ. ಆದರೆ ಇವೇ ಸೆಕ್ಷನ್‌ಗಳು ಮೂರು ನಾಲ್ಕು ಸಲ ಕಂಡರೆ, ಪ್ರಚಾರಕ್ಕೆ ಮನೆ ಬಾಗಿಲಿಗೆ ಬಂದಾಗ ಅದರ ಬಗ್ಗೆ ಕೇಳಿ. ಧರ್ಮದ ಹೆಸರಿನಲ್ಲಿ ಮತ ಕೇಳುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(3)ರ ಪ್ರಕಾರ ಭ್ರಷ್ಟ ಆಚರಣೆ. ಅಭ್ಯರ್ಥಿಯ ಧರ್ಮವಾಗಲಿ ಮತದಾರನ ಧರ್ಮವಾಗಲಿ, ಯಾರದ್ದನ್ನು ಎತ್ತಿದರೂ ತಪ್ಪೇ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ಬಹುಮತದಿಂದ ಹೇಳಿದೆ. ಸರ್ಕಾರಕ್ಕೆ ಧರ್ಮವಿಲ್ಲ ಎಂಬುದು ಸಂವಿಧಾನದ ಮೂಲ ರಚನೆಗೆ ಸೇರಿದ್ದು ಎಂದು 1994ರಲ್ಲೇ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದರು, ಅದೂ ನಮ್ಮ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲಿ.

ಇನ್ನೊಂದು. ಹಬ್ಬಕ್ಕೆ ಮೊದಲು ಪೊಲೀಸ್ ಠಾಣೆಯಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಸಾಮಾನ್ಯವಾಗಿ ಸಮಿತಿಯವರು, ಮುಖಂಡರು, ಎರಡು ಮೂರು ಹಿರಿಯರು ಬಂದು ಬಿಸ್ಕತ್ತು ತಿಂದು ಹೋಗುತ್ತಾರೆ. ನಿಮ್ಮ ವಯಸ್ಸಿನವರು ಅಲ್ಲಿ ಕಾಣುವುದಿಲ್ಲ. ಆದರೆ ರಾತ್ರಿ ಡಿಜೆ ಮುಂದೆ ಇರುವವರು ನಿಮ್ಮ ವಯಸ್ಸಿನವರೇ. ಮುಂದಿನ ಸಭೆಗೆ ಹೋಗಿ. ನಿಮ್ಮ ನಾಯಕರಿಬ್ಬರೂ ಬಂದಿದ್ದಾರೆಯೇ ನೋಡಿ. ಬಂದಿದ್ದರೆ, ಮೆರವಣಿಗೆಯ ಜೊತೆ ಅವರು ಯಾವ ತಿರುವಿನಿಂದ ಯಾವ ತಿರುವಿನ ತನಕ ನಡೆಯುತ್ತಾರೆ ಎಂದು ಎಲ್ಲರ ಎದುರಿಗೆ ಕೇಳಿ, ಠಾಣೆಯ ನಡಾವಳಿ ಪುಸ್ತಕದಲ್ಲಿ ಬರೆಸಿ.